ಕಾರ್ಖಾನೆ ಗೋಡೆಯ ಮೇಲಿನ ನಿಂಬೆ ಯಂತ್ರ ಮಹಾಶಯರಿಗೆ

ಮಾನ್ಯರೇ,

ನಮ್ಮ ದ್ವೀಪದ ಕಚ್ಚಾ ತೈಲ ಶುದ್ಧೀಕರಿಸುವ ಕಾರ್ಖಾನೆಯ ಗೋಡೆಯ ಮೇಲೆ ಬಿಸಿಲೆನ್ನದೆ ಮಳೆಯೆನ್ನದೆ ನಿಂತು, ಊರಿಗೆಲ್ಲ ನಿಂಬೆಹಣ್ಣಿನ ಪರಿಮಳವನ್ನು ಧಾರಾಳವಾಗಿ ಸಿಂಪಡಿಸುತ್ತಿರುವ ತಮ್ಮ ದಿವ್ಯ ಸನ್ನಿಧಿಗೆ, ಅದೇ ಗೋಡೆಯ ಈಚೆ ಮೊದಲ ಬೀದಿಯಲ್ಲಿ ಕಿಟಕಿ ಬಾಗಿಲು ಮಾಡಿ ಹೊಟ್ಟೆ ಹೊರೆಯುವ ಬಡಗಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಶ್ವಾಸಕೋಶವಿಲ್ಲದವರಿಗೆ ಈ ಊರಿನಲ್ಲಿ ಯಾವ ತೊಂದರೆಯೂ ಇಲ್ಲ. ಕಾರ್ಖಾನೆಯ ಮ್ಯಾನೇಜರ್ ಸಾಹೇಬರಿಗೆ ಬರೆಯುವುದನ್ನು ಬಿಟ್ಟು ತಮಗೇಕೆ ಬರೆಯುತ್ತಿದ್ದೇನೆಂದು ತಾವು ಹುಬ್ಬೇರಿಸಬಹುದು. ಅವರಿಗೆ ಬರೆದದ್ದಕ್ಕೆಲ್ಲ 'ಗಮನಿಸಲಾಗಿದೆ' ಎಂಬ ಒಂದೇ ಉತ್ತರ ಬಂದಿದೆ. ಅಲ್ಲದೆ ಆ ಕಾಂಪೌಂಡಿನೊಳಗೆ ನಿಜ ಹೇಳುವ ನೌಕರರು ತಮ್ಮನ್ನು ಬಿಟ್ಟರೆ ಇನ್ನೊಬ್ಬರು ನನಗೆ ಕಂಡಿಲ್ಲ.

ತಾವು ಇಲ್ಲಿಗೆ ದಯಮಾಡಿಸಿದ ಬಗೆಯನ್ನು ನಾವು ಮರೆತಿಲ್ಲ. ಕಾರ್ಖಾನೆಯಿಂದ ಗ್ಯಾಸು ಬರುತ್ತಿದೆ, ಕೊಳೆತ ಮೊಟ್ಟೆಯ ವಾಸನೆಗೆ ತಲೆ ಎತ್ತಲಾಗುತ್ತಿಲ್ಲ, ಮಕ್ಕಳು ವಾಂತಿ ಮಾಡಿಕೊಳ್ಳುತ್ತಿದ್ದಾರೆ ಎಂದು ಊರವರೆಲ್ಲ ಗೇಟಿನ ಮುಂದೆ ನಿಂತು ಗೋಗರೆದಾಗ, ಕರುಣಾಳುಗಳಾದ ಮ್ಯಾನೇಜರರು ಗ್ಯಾಸಿನ ಮಾತನ್ನು ಅಲ್ಲೇ ಬಿಟ್ಟು ವಾಸನೆಯ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು, ವಿಮಾನದಲ್ಲಿ ತಮ್ಮನ್ನು ತರಿಸಿದರು. ಹಲ್ಲುನೋವೆಂದು ಹೋದವನ ಕೆನ್ನೆಗೆ ಪೌಡರ್ ಹಚ್ಚಿ ಕಳಿಸಿದ ಹಾಗಾಯಿತು ಎಂದು ನಾನು ಅಂದುಕೊಂಡೆನಾದರೂ, ರಿಬ್ಬನ್ ಕತ್ತರಿಸುವಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಕೊಳವೆಯಲ್ಲಿ ಗ್ಯಾಸು ಹೊರಟ ಕ್ಷಣವೇ ಯಂತ್ರ ತಾನಾಗಿಯೇ ಚಾಲೂ ಆಗುತ್ತದೆ, ಯಾರೂ ಗುಂಡಿ ಒತ್ತಬೇಕಾಗಿಲ್ಲ, ಯಾರೂ ತಡೆಯಲೂ ಆಗುವುದಿಲ್ಲ ಎಂದು ಅವರೇ ಎದೆಯುಬ್ಬಿಸಿ ಹೇಳಿದರು. ಮೂಲೆಯ ಕಟಿಂಗ್ ಶಾಪಿನವನ ಅಭಿಪ್ರಾಯ ಬೇರೆ. ಮೊದಲು ಬರೀ ಕೊಳೆತ ಮೊಟ್ಟೆ ಕೊಡುತ್ತಿದ್ದರು, ಈಗ ಅದಕ್ಕೆ ನಿಂಬೆ ಹಿಂಡಿ ಬಡಿಸುತ್ತಿದ್ದಾರೆ ಎಂದು ಅವನು ಗಿರಾಕಿಗಳ ಗಡ್ಡಕ್ಕೆ ನೊರೆ ಹಚ್ಚುತ್ತ ಹೇಳುತ್ತಿರುತ್ತಾನೆ. ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮ್ಯಾನೇಜರರ ಆ ಒಂದು ಮಾತು ಮಾತ್ರ ಅಕ್ಷರಶಃ ನಿಜವಾಯಿತು. ಕಚೇರಿಯವರು ಗ್ಯಾಸೇ ಬಿಟ್ಟಿಲ್ಲ ಎಂದು ಆಣೆ ಮಾಡುತ್ತಿರುವಾಗಲೇ ತಾವು ಬುಸ್ಸೆಂದು ನಿಂಬೆ ಚಿಮ್ಮಿಸಿ ಅವರ ಮಾನ ಹರಾಜು ಹಾಕುತ್ತೀರಿ. ಗ್ಯಾಸಿಗಿಂತ ಒಂದು ಹೆಜ್ಜೆ ಮುಂಚೆ ನಮ್ಮ ಬೀದಿ ತಲುಪುವ ಸೌಜನ್ಯವೂ ತಮ್ಮಲ್ಲಿದೆ. ಹಾಗಾಗಿ ಇಡೀ ಊರು ತಮ್ಮ ಪರಿಮಳವನ್ನೇ ನಂಬಿ ಬಾಳುವುದನ್ನು ಕಲಿತಿದೆ. 'ನಿಂಬೆ ಬಂತು' ಎಂದು ಒಬ್ಬರು ಕೂಗಿದರೆ ಸಾಕು, ಒಣಹಾಕಿದ ಬಟ್ಟೆ ಒಳಗೆ ಬರುತ್ತದೆ, ಮೇಷ್ಟರು ಮಗ್ಗಿಯನ್ನು ಅರ್ಧಕ್ಕೇ ಬಿಟ್ಟು ಶಾಲೆಯ ಬಾಗಿಲು ಹಾಕುತ್ತಾರೆ, ಕಟಿಂಗ್ ಶಾಪಿನಿಂದ ಅರ್ಧ ಮೀಸೆಯವರು ಓಡಿ ಬರುತ್ತಾರೆ. ನನ್ನ ಕಸುಬಿಗಂತೂ ತಮ್ಮಿಂದ ಬಹಳ ಉಪಕಾರವಾಗಿದೆ. ಸಮುದ್ರದ ಗಾಳಿ ಮನೆಯೊಳಗೆ ಆಡಲೆಂದು ಓರೆಯಾಗಿ ಪಟ್ಟಿ ಜೋಡಿಸಿದ ಕಿಟಕಿ ಮಾಡುವುದನ್ನು ನಾನು ಅಪ್ಪನಿಂದ ಕಲಿತವನು. ಈಗ ಅದೇ ಕಿಟಕಿಗಳಿಗೆ ಹಲಗೆ ಬಡಿದು, ಸಂದುಗಳಿಗೆ ಅಂಟು ತುಂಬಿ, ಗಾಳಿ ಹೊಗದ ಹಾಗೆ ಮಾಡಿಕೊಡುವುದಕ್ಕೆ ನನಗೆ ಪುರುಸೊತ್ತಿಲ್ಲ. ಈ ಸೆಕೆಯ ಊರಿನಲ್ಲಿ ಮನೆಯೊಳಗೆ ಕೂತವರೆಲ್ಲ ಬೆಂದು ಹೋಗುತ್ತಾರೆಂಬುದು ಬೇರೆ ಮಾತು.

ಇನ್ನು ನಮ್ಮ ಅಕ್ಕನ ವಿಷಯ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ರವಿಕೆ, ಸಮವಸ್ತ್ರ, ಪರದೆಗಳನ್ನೆಲ್ಲ ಹೊಲಿಯುವವಳು ಅವಳೇ. ಆದರೆ ಅವಳ ನಿಜವಾದ ಖ್ಯಾತಿ ಬೈಯುವುದರಲ್ಲಿ. ಅವಳು ಒಂದು ಸಲ ಶುರು ಮಾಡಿದಳೆಂದರೆ ನಡುವೆ ಉಸಿರು ತೆಗೆದುಕೊಳ್ಳದೆ, ಎದುರಿನವರ ಅಪ್ಪ, ಅಜ್ಜ, ಅವರ ಸೋಮಾರಿತನ, ಅವರು ಹಿಂದಿರುಗಿಸದ ಏಣಿ, ಎಲ್ಲವನ್ನೂ ಮುಟ್ಟಿ ಬಂದು, ಕೊನೆಗೆ 'ಊಟ ಮಾಡಿ ಹೋಗು' ಎಂದು ಮುಗಿಸುತ್ತಿದ್ದಳು. ಈಗ ಮೂರು ಮಾತಾಡುವಷ್ಟರಲ್ಲಿ ಎದೆ ಸಿಳ್ಳೆ ಹಾಕುತ್ತದೆ, ಬೈಗುಳ ಅರ್ಧಕ್ಕೇ ನಿಲ್ಲುತ್ತದೆ, ಕತ್ತರಿ ಕೆಳಗಿಟ್ಟು ಇನ್‌ಹೇಲರ್ ತಡಕಾಡುತ್ತಾಳೆ. ಬೈಸಿಕೊಳ್ಳಲು ನಿಂತ ನಾನು ಉಳಿದರ್ಧಕ್ಕಾಗಿ ಕಾಯುತ್ತ ನಿಂತಿರುತ್ತೇನೆ, ಅದು ಬರುವುದಿಲ್ಲ. ಇದೊಂದನ್ನು ತಮಾಷೆ ಮಾಡಿ ಬರೆಯಲು ನನಗೆ ಬರುವುದಿಲ್ಲ, ಕ್ಷಮಿಸಬೇಕು. ನನಗೆ ತುಂಬ ಹೆದರಿಕೆಯಾಗುತ್ತದೆ.

ಇಂಥ ಸಮಯದಲ್ಲೇ ಕಾರ್ಖಾನೆಗೆ ಎರಡನೆಯ ಚಿಮಣಿ ಕಟ್ಟಬೇಕೆಂಬ ಅರ್ಜಿ ಬಂದು, ಜನರ ಅಭಿಪ್ರಾಯ ಕೇಳಲು ಆಚೆ ದಡದಿಂದ ದೊಡ್ಡ ಅಧಿಕಾರಿಗಳು ದೋಣಿ ಹತ್ತಿ ಬಂದರು. ಊರಿನ ಪರವಾಗಿ ಮಾತಾಡಲು ಎಲ್ಲರೂ ಒಮ್ಮತದಿಂದ ಅಕ್ಕನನ್ನೇ ಆರಿಸಿದ್ದರು. ಸಮುದಾಯ ಭವನ ಕಿಕ್ಕಿರಿದಿತ್ತು. ಮ್ಯಾನೇಜರರು ಎದ್ದು, ಕಳೆದ ಇಡೀ ವರ್ಷ ನಮ್ಮ ಕಾರ್ಖಾನೆಯಿಂದ ಒಂದು ಗುಟುಕು ಗ್ಯಾಸೂ ಹೊರಬಂದಿಲ್ಲ ಎಂದು ಹೇಳಿ ಕೂತರು. ಅಕ್ಕ ಎದ್ದು ಸೆರಗು ಸರಿಮಾಡಿಕೊಂಡು 'ಸ್ವಾಮಿ' ಎಂದಳು, ಅಷ್ಟೇ. ತಮ್ಮ ಕರ್ತವ್ಯನಿಷ್ಠೆಗೆ ಏನು ಹೇಳಲಿ, ಅದೇ ಗಳಿಗೆಯಲ್ಲಿ ಕಿಟಕಿಯಿಂದ ನಿಂಬೆ ಬಂತು. ನಮಗೆ ಅಭ್ಯಾಸಬಲ, ನೋಡಿ. ಯಾರೂ ಯೋಚಿಸಲಿಲ್ಲ. ತಾಯಂದಿರು ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡರು, ಕುರ್ಚಿಗಳು ಉರುಳಿದವು, ನಾನೂ ಕಟಿಂಗ್ ಶಾಪಿನವನೂ ಅಕ್ಕನನ್ನು ಎತ್ತಿಕೊಂಡು ಓಡಿದೆವು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಭವನ ಖಾಲಿ. ಅಧಿಕಾರಿಗಳು ಮಾತ್ರ ಕೂತಲ್ಲೇ ಕೂತು, ಎಷ್ಟು ಒಳ್ಳೆಯ ಪರಿಮಳ ಎಂದು ಮೆಚ್ಚಿಕೊಂಡರಂತೆ. ಪರಿಮಳದ ಹಿಂದಿನದು ಬರುವ ಮೊದಲೇ ಮ್ಯಾನೇಜರರ ಕಡೆಯವರು ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನು ಹಾಕಿ, ತಣ್ಣನೆಯ ಪಾನೀಯ ಕೊಟ್ಟರಂತೆ.

ಆಮೇಲೆ ಬಂದ ವರದಿಯನ್ನು ಮೇಷ್ಟರು ಓದಿ ಹೇಳಿದರು. 'ಸಭಿಕರು ವಿವರಣೆಯಿಂದ ತೃಪ್ತರಾಗಿ ನಿಗದಿತ ವೇಳೆಗೆ ಮುಂಚಿತವಾಗಿಯೇ ನಿರ್ಗಮಿಸಿದರು. ಆಕ್ಷೇಪಣೆ: ಇಲ್ಲ.' ಇಷ್ಟು ತೃಪ್ತಿಯನ್ನು ಹೊತ್ತು ಮನೆಯಲ್ಲಿ ಕೂರಲಾಗದೆ ನಾವೆಲ್ಲ ಹೋಗಿ ಹಡಗುಕಟ್ಟೆಯ ಮೇಲೆ ಕೂತೆವು. ಕೂಲಿಯವರು ಮೂಟೆ ಮುಟ್ಟಲಿಲ್ಲ, ದೋಣಿಯವರು ಹಗ್ಗ ಬಿಚ್ಚಲಿಲ್ಲ. ಕೊನೆಗೆ ಇನ್ನೊಂದು ಸಭೆ ನಡೆಸುತ್ತೇವೆ, ಅದಾದ ಮೇಲೆ ಏನೂ ಕೇಳುವುದಿಲ್ಲ ಎಂದು ಅಧಿಕಾರಿಗಳು ಬರೆದುಕೊಟ್ಟರು. ಅದು ಬರುವ ಸೋಮವಾರ.

ಆದ್ದರಿಂದ ತಮ್ಮಲ್ಲಿ ನನ್ನ ವಿನಯಪೂರ್ವಕ ಬೇಡಿಕೆಯೇನೆಂದರೆ, ಆ ದಿನ ತಾವು ಗೋಡೆಯಿಂದ ಇಳಿದು ಭವನಕ್ಕೆ ದಯಮಾಡಿಸಿ, ಸಾಕ್ಷಿಯ ಕುರ್ಚಿಯಲ್ಲಿ ಕೂತು, ಎಷ್ಟು ಸಲ, ಯಾಕಾಗಿ ಚಾಲೂ ಆದಿರೆಂದು ಬಾಯಿಬಿಟ್ಟು ಹೇಳಬೇಕು. ಬೋಲ್ಟು ಬಿಚ್ಚಿಕೊಂಡು ಬರುವುದು ಕಷ್ಟವಾದರೆ ತಮ್ಮ ವೇಗವನ್ನಾದರೂ ಸ್ವಲ್ಪ ತಗ್ಗಿಸಿ, ಮೊದಲು ಗ್ಯಾಸನ್ನು ಒಳಗೆ ಬಿಟ್ಟು ಆಮೇಲೆ ತಾವು ಬರಬೇಕು. ಅಧಿಕಾರಿಗಳಿಗೆ ಅದರ ಪರಿಚಯವೇ ಆಗಿಲ್ಲ. ಭವನದ ಕಿಟಕಿಗಳ ಚಿಂತೆ ತಮಗೆ ಬೇಡ. ಮಳೆಗೆ ಮರ ಉಬ್ಬಿದೆಯೆಂದು ಎಲ್ಲವನ್ನೂ ಚೌಕಟ್ಟಿನಿಂದ ಬಿಚ್ಚಿ ರಿಪೇರಿಗೆ ತಂದಿದ್ದೇನೆ. ಕೆಲಸ ಬಹಳ ನಾಜೂಕಿನದು, ಸಭೆ ಮುಗಿಯುವ ತನಕ ಮುಗಿಯುವ ಹಾಗೆ ಕಾಣುವುದಿಲ್ಲ.

ಮಕ್ಕಳನ್ನು ಬೆಳಿಗ್ಗೆಯೇ ದೋಣಿಯಲ್ಲಿ ಆಚೆ ದಡಕ್ಕೆ ಕಳಿಸುತ್ತೇವೆ. ಊರಿನ ದೊಡ್ಡವರು ಯಾರೂ ಏನೇ ಬಂದರೂ ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ಮಾತಾಗಿದೆ. ಅಕ್ಕ ಮಾತ್ರ ಮನೆಯಲ್ಲಿರಲಿ ಎಂದು ಊರವರೆಲ್ಲ ಬೇಡಿಕೊಂಡರು, ನಾನು ಕಾಲು ಹಿಡಿಯುವುದೊಂದು ಬಾಕಿ. ಅವಳು ಸೂಜಿಗೆ ದಾರ ಪೋಣಿಸುತ್ತ, ತಡೆದು ತಡೆದು, "ಎದ್ದು ಹೋಗಿದ್ದಕ್ಕೆ ತಾನೇ ತೃಪ್ತಿ ಅಂತ ಬರೆದಿದ್ದು? ಈ ಸಲ ಕೂತೇ ಇರ್ತೀನಿ. ಏನು ಬರೀತಾರೋ ಬರೀಲಿ" ಎಂದಳು. ಈ ಬೈಗುಳವನ್ನು ಮಾತ್ರ ಅವಳು ಪೂರ್ತಿ ಮುಗಿಸಿದಳು.

ತಮ್ಮ ಸೇವೆ ಕಾರ್ಖಾನೆಗೆ ಬೇಡವಾಗಲಿ ಎಂಬ ಶುಭಹಾರೈಕೆಯೊಂದಿಗೆ,

ತಮ್ಮ ವಿಶ್ವಾಸಿ,
ಗೋಡೆಯ ಈಚೆಯ ಬಡಗಿ

ಮತ್ತೊಂದು ಮಾತು: ಪತ್ರ ಮಡಚುವಷ್ಟರಲ್ಲಿ ಸುದ್ದಿ ಬಂತು. ಸೋಮವಾರ ತಮಗೆ 'ಸರ್ವೀಸಿಂಗ್' ಮಾಡಿಸುವ ನೆಪದಲ್ಲಿ ಕರೆಂಟು ತೆಗೆಯಬೇಕೆಂದು ಮ್ಯಾನೇಜರರ ಹುಕುಂ ಆಗಿದೆಯಂತೆ. ತಾವು ನೊಂದುಕೊಳ್ಳದೆ ಚೆನ್ನಾಗಿ ವಿಶ್ರಾಂತಿ ಪಡೆಯಬೇಕು. ಗ್ಯಾಸಿಗೆ ರಜೆ ಕೊಟ್ಟ ಸುದ್ದಿ ಬಂದಿಲ್ಲ, ಹಾಗಾಗಿ ಅಧಿಕಾರಿಗಳಿಗೆ ಈ ಸಲ ನಿಂಬೆಯ ಬೆರಕೆಯಿಲ್ಲದ ಅಸಲಿ ಸರಕೇ ಸಿಗುತ್ತದೆ. ಅಕ್ಕನಿಗೆ ಅವರ ಪಕ್ಕದ ಕುರ್ಚಿ ಹಿಡಿದಿಟ್ಟಿದ್ದೇವೆ. ಅವಳು ಬರೆಸಿಕೊಂಡಿದ್ದ ಉದ್ದದ ಭಾಷಣವನ್ನು ಕತ್ತರಿಸಿ ಕತ್ತರಿಸಿ, ಈಗ ತನ್ನ ಒಂದು ಉಸಿರಿಗೆ ಹಿಡಿಸುವಷ್ಟು ಮಾಡಿಕೊಂಡಿದ್ದಾಳೆ. ಅದು ಇಷ್ಟೇ: "ಸ್ವಾಮಿ, ನೀವೂ ಒಂದ್ಸಲ ಜೋರಾಗಿ ಉಸಿರು ಎಳ್ಕೊಳ್ಳಿ."