ತಲೆಯ ಅಳತೆಗೊಂದು ಚಿತ್ರ

ಮನುಷ್ಯರಿಗೆ ತಲೆ ಇರುವುದು ತಪ್ಪಲ್ಲ. ಆ ತಲೆಗೆ ಎಣ್ಣೆ ಹಚ್ಚಿಕೊಳ್ಳುವುದೂ ತಪ್ಪಲ್ಲ. ಎಣ್ಣೆ ಹಚ್ಚಿದ ತಲೆಯನ್ನು ಗೋಡೆಗೆ ಒರಗಿಸಿದಿರೋ, ನಮ್ಮ ಮನೆಯಲ್ಲಿ ಅದು ಮಹಾಪರಾಧ.

ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಗಿಡ್ಡ ಬೆಂಚು ಇದೆ. ಬಡಗಿ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರು ನನ್ನ ಕಾಲಿನ ಉದ್ದ ಅಳೆದು ಮಾಡಿಕೊಟ್ಟದ್ದು. ಅವರು ಹೋದ ಮೇಲೆ ಹಗಲೆಲ್ಲ ನಾನು ಅಲ್ಲೇ. ಅಲ್ಲಿ ಕೂತರೆ ಇಡೀ ಬೀದಿ ಕಾಣುತ್ತದೆ. ಎದುರಿನ ಕ್ಷೌರದ ಅಂಗಡಿಯವನು ಗಿರಾಕಿ ಇಲ್ಲದಾಗಲೆಲ್ಲ ತನ್ನ ಮೀಸೆಯನ್ನೇ ಕತ್ತರಿಸಿ ಕತ್ತರಿಸಿ ಈಗ ಅದು ಹುಬ್ಬಿನಷ್ಟಾಗಿದೆ. ಇಸ್ತ್ರಿ ಅಂಗಡಿಯವಳು ಗಂಡನ ಮೇಲಿನ ಸಿಟ್ಟನ್ನು ಯಾರದೋ ಪ್ಯಾಂಟಿನ ಮೇಲೆ ತೀರಿಸಿಕೊಳ್ಳುತ್ತಾಳೆ (ಅವರು ಜಗಳವಾಡಿದ ದಿನ ಬಟ್ಟೆ ಕೊಡಬೇಕು, ಗೆರೆ ಬಹಳ ಚೆನ್ನಾಗಿ ಕೂರುತ್ತದೆ). ಇದಕ್ಕಿಂತ ಒಳ್ಳೆಯ ಧಾರಾವಾಹಿ ಯಾವ ಟೀವಿಯಲ್ಲೂ ಬರುವುದಿಲ್ಲ. ನಡುವೆ ಜಾಹೀರಾತಿನ ಕಾಟವೂ ಇಲ್ಲ.

ಈಚೆಗೆ ಮನೆಗೆ ಹೊಸ ಬಣ್ಣ ಹೊಡೆಸಿದರು. ನನ್ನ ಸೊಸೆ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾಳೆ. ಅವಳಿಗೆ ಎಲ್ಲವೂ ಹಲ್ಲಿನ ಹಾಗೆ ಬೆಳ್ಳಗಿರಬೇಕು. ಬಣ್ಣ ಒಣಗಿತು. ನಾನು ಕೂತೆ. ಬೀದಿ ನೋಡುತ್ತ ನೋಡುತ್ತ ಒರಗಿದೆ. ದಿನಾ ಒರಗಿದೆ. ಒಂದು ಬೆಳಿಗ್ಗೆ ಸೊಸೆ ಬೆರಳು ಚಾಚಿಕೊಂಡು ನಿಂತಿದ್ದಳು.

"ಅತ್ತೆ, ಏನಿದು?"

"ಯಾವುದು?"

"ಗೋಡೆ ಮೇಲೆ!"

"ಗೋಡೆ ಮೇಲೆ ನಿನ್ನ ಬೆರಳಿದೆ ಕಣಮ್ಮ."

"ಬೆರಳಿನ ಕೆಳಗೆ ಏನಿದೆ ನೋಡಿ!"

ನೋಡಿದೆ. ನನ್ನ ತಲೆಯಷ್ಟೇ ಗುಂಡಗೆ ಒಂದು ಜಿಡ್ಡಿನ ಗುರುತು. ತುರುಬು ತಾಗಿದ ಕಡೆ ನಡುವೆ ಇನ್ನೊಂದು ಸಣ್ಣ ಗುಂಡು, ಸ್ವಲ್ಪ ಕಪ್ಪಗೆ. ಸೊಸೆ ಅದನ್ನು ಸೋಪಿನಲ್ಲಿ ಉಜ್ಜಿದಳು, ಸೋಡಾ ಹಾಕಿ ಉಜ್ಜಿದಳು, ಕೊನೆಗೆ ಡಾಕ್ಟರ ಅಂಗಡಿಯ ಹಲ್ಲಿನ ಪೇಸ್ಟನ್ನೂ ಪ್ರಯೋಗಿಸಿದಳು. ಗುರುತು ಹೋಗಲಿಲ್ಲ, ಇನ್ನಷ್ಟು ಅಗಲವಾಗಿ ನೆಮ್ಮದಿಯಾಗಿ ಕೂತಿತು.

"ಭಾನುವಾರ ಅಕ್ಕ ಬರ್ತಾಳೆ," ಎಂದಳು ಸೊಸೆ.

ಅವಳ ಅಕ್ಕನಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಇನ್ಸ್‌ಪೆಕ್ಟರ್. ಪೊಲೀಸಿನವಳಲ್ಲ, ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದಾಳೆ. ಆದರೆ ಯಾರ ಮನೆಗೆ ಹೋದರೂ ಟೀ ಕುಡಿಯುವ ಮೊದಲು ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ ಧೂಳು ನೋಡುತ್ತಾಳೆ. ಹಿಂದಿನ ಸಲ ಬಂದಾಗ ನಮ್ಮ ಫ್ರಿಜ್ಜಿನ ಹಿಂಭಾಗವನ್ನೂ ನೋಡಿದಳು. (ಫ್ರಿಜ್ಜಿಗೆ ಹಿಂಭಾಗ ಇದೆ ಎಂದು ನನಗೆ ಗೊತ್ತಾದದ್ದೇ ಆವತ್ತು.)

"ಭಾನುವಾರ ಇದು ಅವಳ ಕಣ್ಣಿಗೆ ಬೀಳಬಾರದು ಅತ್ತೆ. ಬಿತ್ತೋ, ಬೆಂಚು ಒಳಗಿನ ಕೋಣೆಗೆ ಹೋಗುತ್ತೆ. ಅಲ್ಲಿ ಎಷ್ಟು ಬೇಕಾದ್ರೂ ಒರಗಿಕೊಳ್ಳಿ."

ಒಳಗಿನ ಕೋಣೆಯ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ನೀರಿನ ಪೈಪು. ಅದು ತೊಟ್ಟಿಕ್ಕುತ್ತದೆ. ಮತ್ತೆ ತೊಟ್ಟಿಕ್ಕುತ್ತದೆ. ಕಥೆ ಅಷ್ಟೇ.

ಮಗನ ಮುಖ ನೋಡಿದೆ. ಅವನು ಲಿಫ್ಟು ರಿಪೇರಿ ಮಾಡುವವನು. ನನಗೂ ಸೊಸೆಗೂ ಮಾತು ಬೆಳೆದಾಗಲೆಲ್ಲ ಕರೆಂಟು ಹೋದ ಲಿಫ್ಟಿನ ಹಾಗೆ ಮೇಲೂ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ, ನಡುವೆ ನಿಂತುಬಿಡುತ್ತಾನೆ.

"ನೀನೂ ಸರಿ ಅಮ್ಮ, ಅವಳೂ ಸರಿ," ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದ.

ನನ್ನ ಕಷ್ಟಕ್ಕೆ ಆದವರು ಪಕ್ಕದ ಮನೆಯ ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಈಗ ಇಡೀ ದಿನ ಫೋನಿನ ಶುಶ್ರೂಷೆ ಮಾಡುತ್ತಾರೆ. ಅವರಿಗೆ ಓದು ಬರುತ್ತದೆ, ಕಣ್ಣು ಸರಿಯಾಗಿ ಕಾಣುವುದಿಲ್ಲ. ನನಗೆ ಕಣ್ಣು ಕಾಣುತ್ತದೆ, ಓದು ಅಷ್ಟಕ್ಕಷ್ಟೆ. ಇಬ್ಬರೂ ಒಟ್ಟಿಗೆ ಕೂತರೆ ಪೂರ್ತಿ ಓದಬಲ್ಲ ಒಬ್ಬ ಹೆಂಗಸು.

"ಅದರ ಮೇಲೊಂದು ಚಿತ್ರ ತೂಗುಹಾಕಿಬಿಡಿ, ಮುಗೀತು," ಎಂದರು ನರ್ಸಮ್ಮ.

"ಚಿತ್ರಕ್ಕೆಲ್ಲ ದುಡ್ಡು ಸುರಿಯೋಕಾಗುತ್ತೇನ್ರೀ? ಅದೆಲ್ಲ ಬಂಗಲೆಯವರಿಗೆ."

"ಅಯ್ಯೋ, ಯಾವ ಕಾಲದಲ್ಲಿದ್ದೀರಿ! ಇಲ್ಲಿ ನೋಡಿ."

ಅವರು ಫೋನನ್ನು ಬೆರಳಿಂದ ಮೇಲಕ್ಕೆ ತಳ್ಳಿದರು. ತಳ್ಳಿದ ಹಾಗೆಲ್ಲ ಚಿತ್ರಗಳು ಬಂದವು, ಬಂದವು, ಬರುತ್ತಲೇ ಇದ್ದವು. ಮಳೆ ಬೀಳುವ ಕಿಟಕಿ. ನಿದ್ದೆ ಮಾಡುವ ಬೆಕ್ಕು. ಬಿರುಕು ಬಿಟ್ಟ ಟೀ ಕಪ್ಪು. ಎಲ್ಲವನ್ನೂ ಯಾರು ಯಾರೋ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ, ಮಾಳಿಗೆಯ ಮೂಲೆಯಲ್ಲಿ ಕೂತು ಬರೆದದ್ದಂತೆ. ದೊಡ್ಡ ಅಂಗಡಿಯಿಲ್ಲ, ನಡುವೆ ದಲ್ಲಾಳಿಯಿಲ್ಲ. ಬರೆದವರೇ ಮಾರುತ್ತಾರೆ, ಅವರೇ ಕಾಗದ ಸುತ್ತಿ ಕಳಿಸುತ್ತಾರೆ. ಅಚ್ಚು ಹೊಡೆದ ಚಿತ್ರಕ್ಕೆ ಒಂದು ಪ್ಲಾಸ್ಟಿಕ್ ಬಕೆಟ್ಟಿಗಿಂತ ಕಮ್ಮಿ. ಕೈಯಲ್ಲೇ ಬರೆದದ್ದಾದರೆ ಬಕೆಟ್ಟೂ ಮಗ್ಗೂ ಸೇರಿದಷ್ಟು. ಗೋಡೆಗೆ ಬೇಕಾದ ಚಿತ್ರವೆಂದರೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸುವುದು ಎಂದು ನಂಬಿ ಇಷ್ಟು ವಯಸ್ಸಾಯಿತಲ್ಲ ಎಂದು ಬೇಸರವಾಯಿತು.

ಅಷ್ಟರಲ್ಲಿ ಒಂದು ಕೆಂಪು ಕೋಳಿ ಬಂತು. ಕತ್ತು ಓರೆ ಮಾಡಿ, ಒಂದೇ ಕಣ್ಣಿನಲ್ಲಿ, ಇನ್ಸ್‌ಪೆಕ್ಟರ್ ನಮ್ಮ ಫ್ರಿಜ್ಜನ್ನು ನೋಡಿದ ಹಾಗೆಯೇ ನೋಡುತ್ತಿತ್ತು.

"ಇದೇ ಬೇಕು!" ಎಂದೆ.

ಕೋಳಿಯ ಕೆಳಗೆ ಒಂದು ಹೃದಯದ ಗುರುತಿತ್ತು. "ಹೃದಯದ ವಿಷಯ ನನಗೆ ಬಿಡಿ, ವಾರ್ಡಿನಲ್ಲೇ ತಲೆ ನರೆಸಿಕೊಂಡವಳು ನಾನು," ಎಂದು ನರ್ಸಮ್ಮ ಅದನ್ನು ಒತ್ತಿದರು. ಅದು ಕೆಂಪಗಾಯಿತು. ಕೋಳಿ ನಮಗೇ ಬೇಕು ಎಂದು ಹೇಳಿದ ಹಾಗಾಯಿತು ಎಂದುಕೊಂಡೆವು. ಆದರೆ ಅಚ್ಚಿನ ಕೋಳಿ ಅಂಗೈಯಗಲ, ನನ್ನ ಜಿಡ್ಡು ತಲೆಯಗಲ. ಹೇಗೆ ಮುಚ್ಚುವುದು? ಕೆಳಗೆ ಏನೋ ಬರೆದಿತ್ತು. ನಾನು ಅಕ್ಷರ ಹೇಳುತ್ತ ಹೋದೆ, ಅವರು ಜೋಡಿಸುತ್ತ ಹೋದರು: ಬೇಕಾದ ಅಳತೆಯಲ್ಲಿ ಕೈಯಿಂದ ಬರೆದುಕೊಡಲಾಗುವುದು, ಫೋಟೊ ಕಳಿಸಿ.

"ನೋಡಿದಿರಾ! ಗೋಡೆಯ ಫೋಟೊ ಕೇಳ್ತಿದ್ದಾರೆ," ಎಂದರು ನರ್ಸಮ್ಮ.

ನನಗೆ ಆ ಚಿತ್ರ ಬರೆಯುವವಳ ಮೇಲೆ ಗೌರವವೇ ಬಂತು. ನಮ್ಮ ಯಜಮಾನರೂ ಹಾಗೆಯೇ. ಜಾಗ ಕಣ್ಣಾರೆ ನೋಡದೆ ಒಂದು ಹಲಗೆಯನ್ನೂ ಕುಯ್ಯುತ್ತಿರಲಿಲ್ಲ. ಅವರ ಮಡಚುವ ಅಡಿಕೋಲು ತೆಗೆದು ಜಿಡ್ಡಿನ ಪಕ್ಕ ನೆಟ್ಟಗೆ ಹಿಡಿದೆ. ನರ್ಸಮ್ಮ ಫೋಟೊ ಹೊಡೆದರು. ಕಳಿಸಿದೆವು. ಸ್ವಲ್ಪ ಹೊತ್ತಿಗೆ ಅವಳೇ ಫೋನು ಮಾಡಿದಳು. ಎಳೆಯ ದನಿ.

"ಅಮ್ಮಾ, ಫೋಟೊ ಬಂತು. ನಿಮಗೆ... ಇದೇ ಬೇಕಾ?"

"ಇದೇ ಕಣಮ್ಮ. ಇದೇ ಅಳತೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು."

"ಇಂಥದ್ದನ್ನ ಇಲ್ಲಿವರೆಗೂ ಯಾರೂ ಕೇಳಿರಲಿಲ್ಲ."

(ಪಾಪ, ಅಷ್ಟು ಲಕ್ಷಣವಾದ ಕೋಳಿಯನ್ನು ಯಾರೂ ಕೇಳಿಲ್ಲವೇ ಎಂದು ನನಗೆ ಮರುಕವಾಯಿತು.)

"ಯಾಕಮ್ಮ, ನೋಡೋಕೆ ಎಷ್ಟು ಚೆನ್ನಾಗಿದೆ! ನನಗಂತೂ ಕಂಡ ಕೂಡಲೇ ಮನಸ್ಸು ತುಂಬಿ ಬಂತು."

"ಮನೆಯಲ್ಲಿ ಏನಂತಾರಮ್ಮ?"

"ಸೊಸೆಗೆ ಇನ್ನೂ ಹೇಳಿಲ್ಲ. ನೋಡಿದ ಕೂಡಲೇ ಅವಳ ಬಾಯಿ ಕಟ್ಟಬೇಕು. ಹಾಗೆ ಬರೀ."

ಆ ಕಡೆ ಕಾಗದದ ಮೇಲೆ ಪೆನ್ಸಿಲು ಗೀಚಿದ ಸದ್ದು. "ಆಯ್ತಮ್ಮ. ಮನಸ್ಸಿಟ್ಟು ಬರೀತೀನಿ. ಚೌಕಟ್ಟನ್ನೂ ನಾನೇ ಹಾಕಿಸಿ, ಭಾನುವಾರಕ್ಕೆ ತಲುಪೋ ಹಾಗೆ ಕಳಿಸ್ತೀನಿ."

ನಾನು ಕೂಡಿಟ್ಟದ್ದರಲ್ಲಿ ನರ್ಸಮ್ಮನ ಕೈಯಿಂದ ದುಡ್ಡು ಕಟ್ಟಿಸಿದೆ. ಯಜಮಾನರ ಸುತ್ತಿಗೆಯಿಂದ ಜಿಡ್ಡಿನ ನೆತ್ತಿಗೆ ಸರಿಯಾಗಿ ಮೊಳೆಯನ್ನೂ ಹೊಡೆದಿಟ್ಟೆ.

ಭಾನುವಾರ ಬಂತು. ಚಿತ್ರ ಬರಲಿಲ್ಲ. ಇನ್ಸ್‌ಪೆಕ್ಟರ್ ಬಂದಳು.

ಆಟೋ ನಿಂತ ಸದ್ದಿಗೆ ಸೊಸೆಯ ಮುಖ ಗೋಡೆಗಿಂತ ಬೆಳ್ಳಗಾಯಿತು. ಅವಳು ನನ್ನ ಎರಡೂ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. "ಒರಗಿ ಅತ್ತೆ!"

"ಏನಂದೆ?"

"ಒರಗಿ! ಇವತ್ತೊಂದು ದಿನ ಏಳಲೇಬೇಡಿ. ನಿಮ್ಮ ತಲೆ ಬಿಟ್ರೆ ಅದನ್ನ ಮುಚ್ಚೋಕೆ ಬೇರೇನೂ ಇಲ್ಲ."

ನೋಡಿದಿರಾ! ಯಾವ ತಲೆಯಿಂದ ಮಾನ ಹೋಗುತ್ತದೆ ಎಂದಳೋ ಅದೇ ತಲೆ ಈಗ ಮಾನ ಕಾಯಬೇಕು. ನಾನು ಗೋಡೆಗೆ ಹೊಡೆದ ಮೊಳೆಯ ಹಾಗೆಯೇ ಕೂತೆ. ಇನ್ಸ್‌ಪೆಕ್ಟರ್ ಸರಳಿನ ಮೇಲೆ ಬೆರಳಾಡಿಸಿದಳು, ಬೆರಳು ನೋಡಿಕೊಂಡಳು, ಟೀ ಕುಡಿದಳು, ನನ್ನನ್ನು ನೋಡಿದಳು.

"ನಿಮ್ಮತ್ತೆ ಯಾಕೆ ಹೀಗೆ ಬಿಗಿದುಕೊಂಡು ಕೂತಿದ್ದಾರೆ? ಕತ್ತು ಹಿಡಿದಿದೆಯಾ?"

"ಡಾಕ್ಟರು ಅಲ್ಲಾಡಬಾರದು ಅಂದಿದ್ದಾರಕ್ಕ," ಎಂದಳು ಸೊಸೆ.

"ಯಾವ ಡಾಕ್ಟರು?"

"ನಮ್ಮ ಡಾಕ್ಟರೇ."

"ಹಲ್ಲಿನವರಾ?"

ಆ ಹೊತ್ತಿಗೆ ಸರಿಯಾಗಿ ನರ್ಸಮ್ಮ ಒಂದು ಚಪ್ಪಟೆ ಪೊಟ್ಟಣವನ್ನು ತಲೆಯ ಮೇಲೆ ಹೊತ್ತುಕೊಂಡು ಒಳಗೆ ಬಂದರು. "ಬಂತು ಕಣ್ರೀ! ನಮ್ಮನೆ ವಿಳಾಸಕ್ಕೆ ಬಂತು!"

ಇನ್ಸ್‌ಪೆಕ್ಟರ್ ಮುಂದೆ ಮುಚ್ಚಿದ ಪೊಟ್ಟಣ ಉಳಿಯುವುದುಂಟೇ? ಅವಳೇ ಕಸಿದುಕೊಂಡು ಬಿಚ್ಚಿದಳು. ಕಾಗದ ಬಿತ್ತು, ರಟ್ಟು ಬಿತ್ತು. ಅವಳು ಚಿತ್ರವನ್ನು ಕೈ ಚಾಚಿ ಹಿಡಿದಳು. ಎಲ್ಲರೂ ನೋಡಿದೆವು.

ಕೋಳಿ ಇರಲಿಲ್ಲ.

ಇದ್ದದ್ದು ಕಂದು ಬಣ್ಣದ ಒಂದು ದೊಡ್ಡ ಗುಂಡು. ನಡುವೆ ಒಂದು ಸಣ್ಣ ಗುಂಡು, ಸ್ವಲ್ಪ ಕಪ್ಪಗೆ. ಪಕ್ಕದಲ್ಲಿ ಗೆರೆ ಗೆರೆಯಾಗಿ ಅಡಿಕೋಲು. ಕೆಳಗಿನ ಮೂಲೆಯಲ್ಲಿ ಏನೋ ಗುಲಾಬಿ ಬಣ್ಣದ್ದು. ಸೋಪು ಹಾಕಿ ಉಜ್ಜಿದಾಗ ಇಳಿದಿದ್ದ ಎರಡು ನೀರಿನ ಗೆರೆಗಳನ್ನೂ ಆ ಹುಡುಗಿ ಬಿಟ್ಟಿರಲಿಲ್ಲ. ಕೆಳಗೆ ಸಣ್ಣಗೆ ಬರೆದಿದ್ದಳು: ಅಮ್ಮ ಒರಗಿದ ಜಾಗ.

ಸೊಸೆ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅತ್ತೆ, ಇದು ನಮ್ಮ ಗೋಡೆ ಅಲ್ವಾ?"

"ನನ್ನ ಕೋಳಿ ಎಲ್ಲಿ?" ಎಂದೆ ನಾನು.

ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿದಳು, ಇಳಿಸಿದಳು. ಇನ್ನು ಬೆಂಚಿನ ಕಥೆ ಮುಗಿಯಿತು, ಪೈಪಿನ ಕಥೆ ಶುರು ಎಂದು ನಾನು ಕಣ್ಣು ಮುಚ್ಚಿದೆ.

"ಅಬ್ಬಾ!" ಎಂದಳು ಇನ್ಸ್‌ಪೆಕ್ಟರ್.

ಕಣ್ಣು ತೆರೆದೆ.

"ಕತ್ತಲೆಯ ಗರ್ಭದಿಂದ ಬೆಳಕು ಹುಟ್ಟುತ್ತಾ ಇದೆ ಕಣೇ. ನೋಡು ಇಲ್ಲಿ, ಮೇಲೆ ಹತ್ತೋಕೆ ಏಣಿ. ಈ ಗುಲಾಬಿ ಬೆಟ್ಟ ನೋಡು!"

"ಅದು ನನ್ನ ಹೆಬ್ಬೆರಳು..." ಎಂದು ಬಾಯಿ ತೆರೆದ ನರ್ಸಮ್ಮನ ಕೈಗೆ ಸೊಸೆ ಬಿಸಿ ಟೀ ಕೊಟ್ಟಳು.

"ಏಣಿ ಬದಲು ಲಿಫ್ಟು ಇದ್ದಿದ್ರೆ ಅನುಕೂಲವಾಗ್ತಿತ್ತು," ಎಂದ ಮಗ.

"ಯಾರೇ ಆರಿಸಿದ್ದು ಇದನ್ನ?"

"ನಾನೇ ಅಕ್ಕ," ಎಂದಳು ಸೊಸೆ, ಕಣ್ಣೂ ಮಿಟುಕಿಸದೆ. "ಯಾವುದೋ ಅಂಗಡಿಯಲ್ಲಿ ಸಿಗೋದಲ್ಲ. ಬರೆಯೋ ಹುಡುಗಿಯ ಹತ್ತಿರಾನೇ ಹೇಳಿ ಬರೆಸಿದ್ದು. ಈ ಗೋಡೆಗೇ ಅಂತ."

ಕೊನೆಯ ಮಾತು ಮಾತ್ರ ನಿಜ.

"ಹಾಗಾದ್ರೆ ಹಾಕಿ ತೋರಿಸು!"

ಸೊಸೆ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಆವತ್ತು ನಾವು ಅತ್ತೆ ಸೊಸೆ ತೋರಿಸಿದ ಒಗ್ಗಟ್ಟನ್ನು ಆ ಮನೆ ಹಿಂದೆ ಕಂಡಿರಲಿಲ್ಲ. ಮಗ "ಅಕ್ಕಾ, ಅಲ್ಲಿ ಬೆಕ್ಕು!" ಎಂದು ಬಾಗಿಲ ಕಡೆ ಕೈ ತೋರಿಸಿದ (ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಕಡೆ ಸೇರಿದ್ದು). ಇನ್ಸ್‌ಪೆಕ್ಟರ್ ತಿರುಗಿದಳು. ನಾನು ಏಳುವುದಕ್ಕೂ ಸೊಸೆ ಚಿತ್ರವನ್ನು ಮೊಳೆಗೆ ಸಿಕ್ಕಿಸುವುದಕ್ಕೂ ಸರಿಹೋಯಿತು. ಅಂಚಿಗೆ ಅಂಚು ಕೂತಿತು, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಗೋಡೆಯ ಮೇಲೆ ಜಿಡ್ಡು, ಜಿಡ್ಡಿನ ಮೇಲೆ ಜಿಡ್ಡಿನ ಚಿತ್ರ.

"ಇಷ್ಟು ಕೆಳಗೆ ಯಾಕೆ ಹಾಕಿದೆ?"

"ಕೂತು ನೋಡೋ ಚಿತ್ರ ಅಕ್ಕ ಇದು."

ಇನ್ಸ್‌ಪೆಕ್ಟರ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಂಜೆಯವರೆಗೂ ನೋಡಿದಳು. ಫ್ರಿಜ್ಜಿನ ಹಿಂದೆ ಹೋಗಲೇ ಇಲ್ಲ.

ಹೊರಡುವ ಮುಂಚೆ ನರ್ಸಮ್ಮನ ಫೋನಿನಲ್ಲೇ ಆ ಹುಡುಗಿಯನ್ನು ಹಿಡಿದಳು. ನನ್ನ ಅಂಗಡಿಗೂ ಇದರ ಜೋಡಿ ಬೇಕು, ಅಚ್ಚಿನದ್ದು ಬೇಡ, ಕೈಯಲ್ಲೇ ಬರೆದದ್ದು ಎಂದಳು. ಹುಡುಗಿ, "ಇದೊಂದೇ ಮೇಡಂ. ಆ ಅಮ್ಮ ಇನ್ನೊಂದು ಫೋಟೊ ಕಳಿಸಿದರೆ ಬರೀತೀನಿ," ಎಂದಳಂತೆ.

ನನ್ನ ಬೆಂಚು ಉಳಿಯಿತು ಎಂದು ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದು ಹೋದರೆ ಬೆಂಚಿಲ್ಲ.

"ಒಳಗಿನ ಕೋಣೆಯಲ್ಲಿ ಇಟ್ಟಿದ್ದೀನಿ ಅತ್ತೆ," ಎಂದಳು ಸೊಸೆ. "ನೀವು ಅಲ್ಲಿ ಕೂತ್ರೆ ಚಿತ್ರದ ಗಾಜಿಗೆ ತಲೆ ತಾಗುತ್ತೆ. ಎಣ್ಣೆ ಹತ್ತುತ್ತೆ."

"ಅದು ಎಣ್ಣೆಯದೇ ಚಿತ್ರ ಅಲ್ಲವೇನೇ?"

"ಚಿತ್ರದ ಎಣ್ಣೆ ಬೇರೆ ಅತ್ತೆ, ತಲೆ ಎಣ್ಣೆ ಬೇರೆ."

ಮಗನ ಕಡೆ ನೋಡಿದೆ. ಲಿಫ್ಟು ಮತ್ತೆ ನಡುವೆ ನಿಂತಿತ್ತು.

ಈಗ ನಾನು ಪೈಪು ನೋಡುತ್ತೇನೆ. ಅದು ತೊಟ್ಟಿಕ್ಕುತ್ತದೆ. ಆ ಹುಡುಗಿಗೆ ಆಮೇಲೆ ಕೋಳಿಯ ವಿಷಯ ಹೇಳಿದೆ. ಬಹಳ ನಕ್ಕು, ಅಂಗೈಯಗಲದ ಅಚ್ಚಿನ ಕೋಳಿಯೊಂದನ್ನು ಸುಮ್ಮನೆ ಕಳಿಸಿಕೊಟ್ಟಳು. ಅದನ್ನು ಕಿಟಕಿಯ ಪಕ್ಕ ಅಂಟಿಸಿದ್ದೇನೆ. ಈಗ ನಾವಿಬ್ಬರೂ ಪೈಪು ನೋಡುತ್ತೇವೆ.

ನಿನ್ನೆ ಮಧ್ಯಾಹ್ನ ಸೊಸೆ ಒಳಗೆ ಬಂದು ನನ್ನ ತಲೆಯ ಹಿಂದಿನ ಗೋಡೆಯನ್ನು ಬಗ್ಗಿ ನೋಡಿದಳು. ಇಲ್ಲೂ ಒಂದು ಗುಂಡು ಎದ್ದಿದೆ ಎಂದು ನನಗೆ ಗೊತ್ತಿತ್ತು. ಬೈಗಳಕ್ಕೆ ಸಿದ್ಧವಾಗಿ ಸೆರಗು ಬಿಗಿಮಾಡಿಕೊಂಡೆ. ಅವಳು ಬೈಯಲಿಲ್ಲ. ಹೋಗಿ ಎಣ್ಣೆಯ ಬಾಟಲಿ ತಂದು ನನ್ನ ಕೈಗಿಟ್ಟಳು, ಎರಡು ಹೆಜ್ಜೆ ಹಿಂದೆ ಸರಿದಳು, ಒಂದು ಕಣ್ಣು ಮುಚ್ಚಿ ಅಳತೆ ನೋಡಿದಳು.

"ಸ್ವಲ್ಪ ಎಡಕ್ಕೆ ಒರಗಿ ಅತ್ತೆ," ಎಂದಳು. "ಅಕ್ಕನ ಅಂಗಡಿಯದು ಉದ್ದನೆ ಗೋಡೆ."