ಅರಮನೆಯಲ್ಲಿ ನಮ್ಮ ಅತ್ತೆಯವರು

ನಮ್ಮ ಅತ್ತೆಯವರನ್ನು ಕರೆದುಕೊಂಡು ಎಲ್ಲಿಗೇ ಹೋಗಲಿ, ನಗುವಂಥದ್ದೊಂದು ನಡೆಯದೆ ನಾವು ಮನೆಗೆ ಮರಳಿದ್ದಿಲ್ಲ. ಹುಟ್ಟಿದ್ದು ಕಮಲಾಪುರ, ಸೊಸೆಯಾಗಿ ಬಂದದ್ದು ಕಲಬುರಗಿಯ ಜಗತ್ ಬಡಾವಣೆಗೆ. ಅವರ ಮಗಳು, ಅಂದರೆ ನನ್ನ ನಾದಿನಿ, ಹೈದರಾಬಾದ್ ಕಡೆಯ ಹಳೆಯ ಅರಮನೆಯೊಂದರಲ್ಲಿ ಅಡುಗೆ ಮಾಡುತ್ತಾಳೆ. ಅರಮನೆ ಈಗ ಭಾರೀ ಹೋಟೆಲ್. ಅವಳು ಆ ಕೆಲಸ ಹಿಡಿದಾಗ ಅತ್ತೆಯವರು, "ಮಂದಿಗಿ ಅಡಗಿ ಮಾಡಿ ಹಾಕಾಕ ಇಷ್ಟು ಓದಬೇಕಿತ್ತೇನು?" ಎಂದು ಮುನಿಸಿಕೊಂಡಿದ್ದರು. ಓಣಿಯವರು ಕೇಳಿದರೆ, "ಅರಮನ್ಯಾಗ ನೌಕರಿ ಅದ" ಎನ್ನುವರೇ ಹೊರತು ಎಂಥ ನೌಕರಿ ಎಂದು ಬಾಯಿ ಬಿಡುತ್ತಿರಲಿಲ್ಲ. ಈ ಸಲ ಮಗಳೇ ಹಟ ಹಿಡಿದು ನಮ್ಮಿಬ್ಬರನ್ನೂ ಕರೆಸಿಕೊಂಡಳು.

ಬಾಗಿಲಿಗೆ ಬಂದ ದೊರೆ

ಕಾರಿನಿಂದ ಇಳಿದರೆ ಎದುರಿಗೆ ಜರಿ ಪೇಟ, ಉದ್ದ ಕೋಟು, ಹುರಿ ಮೀಸೆ. ಅತ್ತೆಯವರು ಸೆರಗು ಹೊದ್ದು ಎರಡೂ ಕೈ ಮುಗಿದರು. "ದೊರಿಗಳು ನೀವ್ಯಾಕ ಬಾಗಲತನ ಬಂದ್ರಿ?"

ಆತ ನಕ್ಕು ಚೀಲಕ್ಕೆ ಕೈ ಹಾಕಿದ. ಅತ್ತೆಯವರು ಬಿಡಲೊಲ್ಲರು. "ಬ್ಯಾಡ್ರೀ, ರಾಜರ ಕೈಲೆ ಚೀಲ ಹೊರಸಬಾರದು."

"ಎಲ್ಲಿ ರಾಜ ರೀ ಯವ್ವಾ? ನಾ ಬಾಗಲ ಕಾಯಾಂವ. ನಮ್ಮೂರು ಸೇಡಂ."

"ಹೌದೇನೋ ತಮ್ಮಾ? ಹಂಗಾದ್ರ ಇದೂ ತಗೋ, ಇದೂ ತಗೋ" ಎಂದು ನನ್ನ ಕೈಯ ಚೀಲವನ್ನೂ ಕಸಿದು ಅವನ ಹೆಗಲಿಗೆ ಹಾಕಿದರು.

ಕೆಂಪು ಬಾಳೆಹಣ್ಣು

ಕೋಣೆಯಲ್ಲಿ ಬೆಳ್ಳಿ ತಟ್ಟೆ ತುಂಬ ಸೇಬು, ದ್ರಾಕ್ಷಿ. ಅತ್ತೆಯವರು ಅದನ್ನೆಲ್ಲ ಬದಿಗಿಟ್ಟು, ಊರಿಂದ ತಂದಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು ಜೋಡಿಸಿದರು. ಕೋಣೆ ಸ್ವಚ್ಛ ಮಾಡಲು ಬಂದ ಹೆಣ್ಣುಮಗಳು ನೋಡಿ, "ಅಮ್ಮಾ, ಹಣ್ಣು ಕೆಟ್ಟು ಕೆಂಪಾಗ್ಯಾವ, ಒಯ್ದು ಚೆಲ್ಲಲೇನು?" ಅಂದಳು.

"ಕೆಟ್ಟು ಕೆಂಪಾಗಿಲ್ಲವ್ವ, ಹುಟ್ಟೇ ಹಂಗ! ತಿಂದು ನೋಡು."

ತಿಂದಳು. ಇನ್ನೊಂದು ಸುಲಿದಳು.

ಮರುದಿನ ನಮ್ಮ ಒಂದು ಕೋಣೆ ಗುಡಿಸಲು ನಾಲ್ಕು ಮಂದಿ ಬಂದರು.

ಚಪ್ಪಾಳೆ

ಊಟದ ಮನೆಯಲ್ಲಿ ಪಕ್ಕದ ಮೇಜಿಗೆ ಬೆಂಗಳೂರಿನ ದೊಡ್ಡ ಕುಟುಂಬವೊಂದು ಕೂತಿತ್ತು. ಬದನೆಕಾಯಿ ಪಲ್ಯ ಬಾಯಿಗಿಟ್ಟದ್ದೇ ತಡ, ಮನೆಯ ಹಿರಿಯರು, "ಇದನ್ನು ಮಾಡಿದವರನ್ನು ಒಮ್ಮೆ ಕರೆಯಿರಪ್ಪ" ಅಂದರು. ಬಿಳಿಯ ಎತ್ತರದ ಟೋಪಿ ತೊಟ್ಟು ನನ್ನ ನಾದಿನಿ ಬಂದಳು. ಆ ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಇಡೀ ಊಟದ ಮನೆ ತಟ್ಟಿತು.

ಅತ್ತೆಯವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕಣ್ಣು ತುಂಬಿತು. ಅವರೂ ಎದ್ದರು. "ನನ್ನ ಮಗಳು ರೀ ಇಕಿ! ಕಲಬುರಗಿಯಾಕಿ! ಇಲ್ಲಿ ಅಡಗಿ ಮಾಡ್ತಾಳ್ರೀ, ಅಡಗಿ!"

ಓಣಿಯವರಿಗೆ ಇಷ್ಟು ದಿನ ಹೇಳದ ಮಾತನ್ನು ಅವರು ಊಟದ ಮನೆಗೆಲ್ಲ ಕೇಳುವಂತೆ ಹೇಳಿದ್ದರು. ನಾದಿನಿ ಟೋಪಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಬೆಂಗಳೂರಿನ ಅಮ್ಮನೊಬ್ಬರು, "ಪುಣ್ಯವಂತರು ನೀವು. ಮನೇಲಿ ದಿನಾ ಇಂಥ ಊಟ ಮಾಡ್ತಿದ್ರಿ ಅನ್ನಿ" ಅಂದರು.

"ಎಲ್ಲೀದು ರೀ ಯಕ್ಕಾ!" ಅಂದರು ಅತ್ತೆಯವರು, ಮಗಳ ತೋಳು ಹಿಡಿದುಕೊಂಡು. "ಮನ್ಯಾಗ ಒಂದು ಕಪ್ ಚಹಾ ಮಾಡಿ ಕೊಟ್ಟಾಕಿ ಅಲ್ಲ ಇಕಿ. ಇಕಿ ಕೈ ಊಟ ಉಣ್ಣಾಕ ನಾನೂ ನಿಮ್ಮಂಗ ಅರಮನೀಗೇ ಬರಬೇಕಾತು!"