ಎಲ್ಲಿ ಹೋತ್ರಿ ನನ್ನ ‘ದ’?

ಮಹಾದೇವಿ: ಎಲ್ಲಿ ಹೋತ್ರಿ ನನ್ನ ‘ದ’? ಮೊದಲ ಅದನ್ನ ಹೇಳ್ರಿ, ಆಮ್ಯಾಲೆ ಚಾ ಕೇಳ್ರಿ.

ಚನ್ನಬಸಯ್ಯ: ಎಲ್ಲೂ ಹೋಗಿಲ್ಲ. ಇಲ್ಲೇ ಐತಿ, ‘ಗ’ದ ಮನ್ಯಾಗ.

ಮಹಾದೇವಿ: ಮತ್ತ ‘ಗ’?

ಚನ್ನಬಸಯ್ಯ: ಅದು ‘ದ’ದ ಮನ್ಯಾಗ.

ಮಹಾದೇವಿ: ಮನಿ ಬದಲ ಮಾಡಿಸಿದವರು ಯಾರು?

ಚನ್ನಬಸಯ್ಯ: ನಾನ. ನೋಡು, ಕನ್ನಡದಾಗ ‘ದ’ ಇಲ್ದ ಮಾತ ಮುಗಿಯಂಗಿಲ್ಲ. ಬಂದ, ಹೋದ, ತಿಂದ, ಸತ್ತಿದ್ದ. ಹನ್ನೆರಡು ವರ್ಷ ಬಡದ ಬಡದ ಕೀಬೋರ್ಡಿನ ಆ ಕೀಲಿ ಸವದ ಹೋಗೇತಿ. ಪಕ್ಕದ ‘ಗ’ ಗಟ್ಟಿಮುಟ್ಟ ಕುಂತೇತಿ. ಅದಕ್ಕ ಒಂದೀಟು ಕೆಲಸ ಹಚ್ಚೀನಿ.

ಮುಲುಂಡಿನ ಎರಡು ಕೋಣೆಯ ಮನೆಯಲ್ಲಿ ಕೂತು ಮಹಾದೇವಿ ಹನ್ನೆರಡು ವರ್ಷಗಳಿಂದ ಕನ್ನಡ ಟೈಪಿಂಗ್ ಮಾಡಿಕೊಡುತ್ತಿದ್ದಳು. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯದ ಕರೆಯೋಲೆ, ಕನ್ನಡ ಸಂಘದ ನೋಟೀಸು, ಏನೇ ಬರಲಿ, ಅಕ್ಷರ ಹುಡುಕಲು ಅವಳ ಕಣ್ಣು ಕೆಳಗಿಳಿದದ್ದಿಲ್ಲ. ಗಂಡ ಚನ್ನಬಸಯ್ಯ ವಡಾಲದ ಗೋದಾಮಿನಿಂದ ನಿವೃತ್ತನಾಗಿ ಮೂರು ತಿಂಗಳಾಗಿತ್ತು. ಮೂವತ್ತು ವರ್ಷ ಸಾಮಾನು ಜೋಡಿಸಿದ ಕೈ ಸುಮ್ಮನೆ ಕೂರಲೊಲ್ಲದು. ಮೊದಲ ತಿಂಗಳು ಅಡುಗೆಮನೆಯ ಡಬ್ಬಿಗಳನ್ನು ಜೋಡಿಸಿದ. ಎರಡನೆಯ ತಿಂಗಳು ಇಡೀ ಬಿಲ್ಡಿಂಗಿನ ಚಪ್ಪಲಿಗಳನ್ನು ಜೋಡಿಸಿ ಬೈಸಿಕೊಂಡ. ಮೂರನೆಯ ತಿಂಗಳು ಹೆಂಡತಿಯ ಲ್ಯಾಪ್‌ಟಾಪಿಗೆ ಕೈ ಹಾಕಿದ.

ಮಹಾದೇವಿ ತಲೆಗೆ ಸಿಕ್ಕಿಸಿಕೊಂಡಿದ್ದ ವಯರಿಲ್ಲದ ಹೆಡ್‌ಫೋನನ್ನು ಒಂದು ಕಿವಿಯಿಂದ ಮಾತ್ರ ಸರಿಸಿದಳು.

ಮಹಾದೇವಿ: ಇದಕ್ಕೂ ಏನರ ಮಾಡೀರೇನು? ಯಾಕೋ ಧ್ವನಿ ಬ್ಯಾರೆ ಬರಾಕ ಹತ್ತೇತಿ.

ಚನ್ನಬಸಯ್ಯ: ಚಲೋ ಬರಾಕ ಹತ್ತೇತಿಲ್ಲೋ? ಈ ಹೆಡ್‌ಫೋನಿಗೆ ಒಂದು ಚಟಾ ಇತ್ತು. ಸುಮ್ನ ಕೇಳೂ ಮುಂದ ಚಂದ ಕೇಳ್ತಿತ್ತು. ತನ್ನ ಮೈಕಿನ್ಯಾಗ ತಾನ ಮಾತಾಡಾಕ ಹತ್ತಿತಂದ್ರ ಕೇಳೂದು ಕೆಟ್ಟ ಹೋಕ್ಕಿತ್ತು.

ಮಹಾದೇವಿ: ಅದು ಚಟಾ ಅಲ್ರಿ. ನಿಮ್ಮ ಸಹವಾಸ.

ಚನ್ನಬಸಯ್ಯ: ಪೂರಾ ಕೇಳ. ಈಗ ಹೆಡ್‌ಫೋನು ಬರೇ ಕೇಳ್ತೇತಿ, ಮಾತಾಡೂದನ್ನ ಲ್ಯಾಪ್‌ಟಾಪಿನ ಮೈಕಿಗೆ ಬಿಟ್ಟೀನಿ. ಸಾಫ್ಟ್‌ವೇರ್ ಎಲ್ಲಾ ಪುಕ್ಕಟೆ. ಓಪನ್ ಸೋರ್ಸ್!

ಮಹಾದೇವಿ: ಯಾವ ಸೊಸಿ?

ಚನ್ನಬಸಯ್ಯ: ಓಪನ್. ಯಾರರ ಮನಿಗೆ ತಂದ ಇಟಗೋಬಹುದು. ರೊಕ್ಕ ಕೊಡೂದು ಬ್ಯಾಡ. ಸರಿ ಬರಲಿಲ್ಲಂದ್ರ ನಮಗ ಬೇಕಾದಂಗ ತಿದ್ದಬಹುದು.

ಮಹಾದೇವಿ: ತಿದ್ದಾಕ ಅಕಿ ಕೂಸೇನ್ರಿ? ಅವರ ಅವ್ವ ಅಪ್ಪ ಸುಮ್ನ ಇರ್ತಾರೇನು?

ಚನ್ನಬಸಯ್ಯ: ಅವ್ವ ಅಪ್ಪ ಒಬ್ಬರಲ್ಲ, ಸಾವಿರಾರು ಮಂದಿ ಕೂಡಿ ಹುಟ್ಟಿಸ್ಯಾರ.

ಮಹಾದೇವಿ: ಶಿವ ಶಿವಾ! ನಾಲಿಗಿ ತೊಳಕೋರಿ ಮೊದಲ!

ಗಂಡ ಹೇಳಿದ್ದು ಸೊಸೆಯಲ್ಲ, ಸೋರ್ಸ್ ಎಂದು ತಿಳಿಯುವ ಹೊತ್ತಿಗೆ ನಾಲ್ಕೂವರೆ ಆಗಿತ್ತು. ಐದೂವರೆಗೆ ಸಂಘದ ಸಭೆ. ದಹಿಸರ್‌ನ ಪಾತ್ರೆ ಅಂಗಡಿಯ ಗುರಲಿಂಗಪ್ಪನವರು ಸಭಾಗೃಹಕ್ಕೆ ನೂರು ಕುರ್ಚಿ ಕೊಟ್ಟಿದ್ದರು, ಅವರಿಗೆ ಇಂದು ಸನ್ಮಾನ. ಸನ್ಮಾನಪತ್ರವನ್ನು ಮಾತ್ರ ಕಾರ್ಯದರ್ಶಿ ಅಣವೀರಪ್ಪ ಇನ್ನೂ ಬರೆದುಕೊಟ್ಟಿರಲಿಲ್ಲ. ಪತ್ರ ಚೆನ್ನಾಗಿ ಬಂದರೆ ಸಂಘದ ಇನ್ನೂರು ಪುಟದ ಸ್ಮರಣಸಂಚಿಕೆಯ ಟೈಪಿಂಗೂ ಮಹಾದೇವಿಗೇ ಎಂದು ಮಾತಾಗಿತ್ತು. ಅದಕ್ಕಾಗಿ ಅವಳು ಒಂದು ವರ್ಷದಿಂದ ಕಾದಿದ್ದಳು.

ಮಹಾದೇವಿ: ನನ್ನ ಅಕ್ಷರ ಮೊದಲಿನಂಗ ಮಾಡ್ರಿ ಅಂದ್ರ ಮಾಡ್ರಿ.

ಚನ್ನಬಸಯ್ಯ: ಎರಡ ದಿನ ರೂಢಿ ಮಾಡ್ಕೋ. ಬೆರಳಿಗೆ ಎಷ್ಟ ಆರಾಮ ಅಕ್ಕೇತಿ ನೋಡು.

ಇನ್ನು ಇವರೊಡನೆ ವಾದ ಬೇಡ, ‘ದ’ ಬೇಕಾದಲ್ಲಿ ‘ಗ’ ಒತ್ತಿದರಾಯಿತು, ‘ಗ’ ಬೇಕಾದಲ್ಲಿ ‘ದ’, ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ಮಹಾದೇವಿ ನೀರು ಕುಡಿಯಲು ಒಳಗೆ ಹೋದಳು. ಅವಳ ಬೆನ್ನು ನೋಡಿ ಚನ್ನಬಸಯ್ಯನ ಮನಸ್ಸು ಕರಗಿತು. ಪಟಪಟನೆ ನಾಲ್ಕು ಗುಂಡಿ ಒತ್ತಿ ಎರಡು ಅಕ್ಷರಗಳನ್ನೂ ಅವುಗಳ ಹಳೆಯ ಮನೆಗೇ ಕಳಿಸಿದ. ಬಾಯಿಬಿಟ್ಟು ಹೇಳಲಿಲ್ಲ. ತಾನಾಗಿ ತಿಳಿದು ಹಿಗ್ಗಲಿ ಎಂದುಕೊಂಡ.

ಅಷ್ಟರಲ್ಲಿ ಲ್ಯಾಪ್‌ಟಾಪಿಗೆ ಅಣವೀರಪ್ಪನ ಕರೆ ಬಂತು. ಮಹಾದೇವಿ ಓಡಿಬಂದು ಕೂತಳು.

ಅಣವೀರಪ್ಪ (ಲೋಕಲ್ ರೈಲಿನಿಂದ): ಅಕ್ಕಾರ, ಶರಣ್ರೀ! ಘಾಟ್ಕೋಪರ್ ಬಿಟ್ಟೀನಿ. ಹೇಳ್ಕೋತ ಬರ್ತೀನಿ, ಬಡಕೋತ ಹೋಗ್ರಿ. ಸ್ಟೇಶನ್ ಇಳದಾಂವ ನಿಮ್ಮ ಬಾಗಲಾಗ ಇರ್ತೀನಿ. ಬರೀರಿ, ‘ದಾನಶೂರ ಶ್ರೀ ಗುರಲಿಂಗಪ್ಪನವರಿಗೆ...’

ಎರಡು ಕೀಲಿಗಳನ್ನು ಕಳ್ಳರನ್ನು ಕಾಯುವಂತೆ ಕಾಯುತ್ತ, ಕಣ್ಣನ್ನು ಬೆರಳಿನ ಮೇಲೇ ನೆಟ್ಟು ಮಹಾದೇವಿ ಬಡಿಯತೊಡಗಿದಳು. ತೆರೆಯತ್ತ ನೋಡಲು ಪುರಸೊತ್ತಿಲ್ಲ. ಹೆಡ್‌ಫೋನು ಮಾತ್ರ ನಿಜಕ್ಕೂ ಸುಧಾರಿಸಿತ್ತು. ಎಷ್ಟು ಸುಧಾರಿಸಿತ್ತೆಂದರೆ ಅಣವೀರಪ್ಪನ ರೈಲು ಡಬ್ಬಿಯಲ್ಲಿದ್ದವರೆಲ್ಲ ಅವಳ ಕಿವಿಯಲ್ಲೇ ಬಂದು ಕೂತಿದ್ದರು.

ಅಣವೀರಪ್ಪ: ‘ತಾವು ನಮ್ಮ ಸಂಘಕ್ಕೆ...’ ಅರೆ ಭಾವೂ, ಜರಾ ಸರಕೊ!

ಮಹಾದೇವಿ: ‘ಜರಾ ಸರಕೊ’ ಇನ್ವರ್ಟೆಡ್ ಕಾಮಾದಾಗ ಹಾಕ್ಲ್ಯಾ?

ಅಣವೀರಪ್ಪ: ಅದನ್ನಲ್ರಿ! ಇಲ್ಲೊಬ್ಬಾಂವ ನನ್ನ ಕಾಲಿನ ಮ್ಯಾಲೆ ನಿಂತಾನ. ಬರೀರಿ, ‘ತಮ್ಮ ದಾನ ಊರಿಗೇ ಗೊತ್ತು...’

ಮಹಾದೇವಿ: ‘ಪುಢೀಲ ಸ್ಟೇಶನ್ ಭಾಂಡುಪ’...

ಅಣವೀರಪ್ಪ: ತಗೀರಿ ಅದನ್ನ! ಅದು ಗಾಡಿ ಮುಂದಿನ ಸ್ಟೇಶನ್ ಹೇಳಿದ್ದು! ಬರೀರಿ, ‘ತಮ್ಮ ದಾನ ಎಂದೂ ನಿಲ್ಲದಿರಲಿ ಎಂದು ಹಾರೈಸುವ...’ ನೇಲ್ ಕಟರ್ ಬ್ಯಾಡವಾ ತಂಗಿ, ಮುಂದಕ್ಕ ಹೋಗು!

ಮಹಾದೇವಿ: ಹಾರೈಸಾವರು ಯಾರು, ನೇಲ್ ಕಟರ್ ಮಾರಾಕಿ?

ಅಣವೀರಪ್ಪ: ಸಂಘದ ಸದಸ್ಯರು ಅಂತ ಬರೀರಿ ಅಕ್ಕಾರ! ಮುಲುಂಡ್ ಬಂತು, ಇಳೀತೀನಿ!

ಮಹಾದೇವಿ ತಲೆ ಎತ್ತಿ ತೆರೆ ನೋಡಿದಳು. ‘ಗಾನಶೂರ ಶ್ರೀ ದುರಲಿಂದಪ್ಪನವರಿದೆ’ ಎಂದಿತ್ತು.

ಮಹಾದೇವಿ: ಯಪ್ಪಾ! ಇದೇನ್ರಿ ಇದು? ನೀವು ಹೇಳಿದಂಗ ಅದಲಬದಲ ಮಾಡಿ ಒತ್ತೀನಲ್ಲಾ!

ಚನ್ನಬಸಯ್ಯ: ಅದಲಬದಲ ಯಾಕ ಒತ್ತಿದಿ? ನಾನು ಮೊದಲಿನಂಗ ಮಾಡಿ ಇಟ್ಟಿದ್ದೆ.

ಮಹಾದೇವಿ: ಹೇಳೂದಲ್ಲೇನ್ರಿ!

ಚನ್ನಬಸಯ್ಯ: ನಿನಗ ಖುಷಿ ಆಗಲಿ ಅಂತ...

ಖುಷಿಯ ಮಾತಿಗೆ ಹೊತ್ತಿರಲಿಲ್ಲ. ಮಹಾದೇವಿ ತಪ್ಪು ಕಂಡಕಂಡಲ್ಲಿ ತಿದ್ದತೊಡಗಿದಳು. ‘ದುರಲಿಂದಪ್ಪ’ ನೆಟ್ಟಗಾದ. ‘ಗೊತ್ತು’ ಹೋಗಿ ‘ದೊತ್ತು’ ಆಗಿದ್ದು ಮತ್ತೆ ಗೊತ್ತಾಯಿತು. ‘ನಿಲ್ಲಗಿರಲಿ’ ಎಂದಿದ್ದುದು ನಿಲ್ಲದಿರಲಿ ಆಯಿತು. ಕೆಟ್ಟು ಕೂತ ಮಾತುಗಳು ಒಂದೂ ಅವಳ ಕಣ್ಣು ತಪ್ಪಿಸಿಕೊಳ್ಳಲಿಲ್ಲ. ಆದರೆ ಸಭ್ಯ ಮುಖ ಹೊತ್ತು ನಿಂತಿದ್ದ ಮಾತಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಬಾಗಿಲ ಗಂಟೆ ಹೊಡೆದುಕೊಂಡಿತು. ಅಣವೀರಪ್ಪ ಪ್ರಿಂಟರಿನಿಂದ ಹೊರಬಿದ್ದ ಬಿಸಿ ಕಾಗದವನ್ನು ಕಸಿದುಕೊಂಡು, ಓದದೆಯೇ ತಾನು ತಂದಿದ್ದ ಚೌಕಟ್ಟಿನೊಳಗೆ ತೂರಿಸಿ, ರಿಕ್ಷಾ ಹತ್ತಿದ.

ಸಭೆ ತುಂಬಿತ್ತು. ಶಾಲು, ಹಣ್ಣಿನ ಬುಟ್ಟಿ ಮುಗಿದು ಅಣವೀರಪ್ಪ ಮೈಕಿನ ಮುಂದೆ ನಿಂತ. ಮೂರನೆಯ ಸಾಲಿನಲ್ಲಿ ಗಂಡನ ಪಕ್ಕ ಮಹಾದೇವಿ ಸೆರಗು ಸರಿಮಾಡಿಕೊಂಡು ಕೂತಳು.

ಅಣವೀರಪ್ಪ: ‘ಗಾನಶೂರ ಶ್ರೀ ಗುರಲಿಂಗಪ್ಪನವರಿಗೆ. ತಮ್ಮ ಗಾನ ಊರಿಗೇ ಗೊತ್ತು. ತಮ್ಮ ಗಾನ ಎಂದೂ ನಿಲ್ಲದಿರಲಿ...’

ಓದುತ್ತ ಓದುತ್ತ ಅವನ ದನಿ ಇಳಿಯಿತು. ಇನ್ನೂರು ಪುಟದ ಸ್ಮರಣಸಂಚಿಕೆ ಹಾಳೆಹಾಳೆಯಾಗಿ ಮಹಾದೇವಿಯ ಕಣ್ಣ ಮುಂದೆಯೇ ಹಾರಿಹೋಯಿತು.

ವೇದಿಕೆಯ ಮೇಲೆ ಗುರಲಿಂಗಪ್ಪ ಮೆಲ್ಲಗೆ ಎದ್ದರು. ಕಣ್ಣು ತುಂಬಿತ್ತು. ಮೈಕು ಹಿಡಿದರು. ಗಂಟಲು ಸರಿಮಾಡಿಕೊಂಡು ಹಾಡತೊಡಗಿದರು.

ಒಂದು ಪದ ಮುಗಿಯಿತು, ಎರಡು ಮುಗಿದವು. ಅವರ ದನಿ ತಾಮ್ರದ ಹಂಡೆಯನ್ನು ಫರಸಿ ಕಲ್ಲಿನ ನೆಲದ ಮೇಲೆ ಎಳೆದಂತಿತ್ತು. ನಾಲ್ಕನೆಯ ಪದಕ್ಕೆ ಅಣವೀರಪ್ಪ ಕೈಗಡಿಯಾರ ತೋರಿಸಿದ. ಗುರಲಿಂಗಪ್ಪ ಹಾಡು ಬಿಡದೆಯೇ ಚೌಕಟ್ಟಿನಲ್ಲಿದ್ದ ‘ಎಂದೂ ನಿಲ್ಲದಿರಲಿ’ ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಏಳನೆಯ ಪದಕ್ಕೆ ಮುಂದಿನ ಸಾಲುಗಳೂ ಖಾಲಿಯಾಗತೊಡಗಿದವು. ಹನ್ನೊಂದನೆಯದಕ್ಕೆ ಮೈಕಿನವನೇ ಕರೆಂಟು ಹೋಯಿತೆಂದು ಸುಳ್ಳು ಹೇಳಿ ಉಳಿಸಿದ.

ಮಹಾದೇವಿಗೆ ತಡೆಯಲಾಗಲಿಲ್ಲ. ಗಂಡನನ್ನು ಎಳೆದುಕೊಂಡೇ ವೇದಿಕೆಗೆ ಹೋದಳು.

ಮಹಾದೇವಿ: ಯಜಮಾನ್ರ, ತಪ್ಪಾತ್ರಿ. ಅದು ‘ದಾನಶೂರ’ ಅಂತ ಇರಬೇಕಾಗಿತ್ತು. ಇವರು ಒಂದು ಮಾಡಾಕ ಹೋಗಿ ನಾ ಇನ್ನೊಂದು ಮಾಡಿದೆ.

ಗುರಲಿಂಗಪ್ಪ: ತಂಗಿ, ಯಾರ ಮುಂದೂ ಹೇಳಬ್ಯಾಡ. ಹತ್ತು ವರ್ಷದ ಹಿಂದ ಈ ಸಂಘಕ್ಕ ಗಡಿಯಾರ ಕೊಟ್ಟೆ, ಒಂದು ಪದಾ ಹಾಡ್ರಿ ಅಂತಾರ ಅಂತ. ಅನ್ನಲಿಲ್ಲ. ಫ್ಯಾನ್ ಕೊಟ್ಟೆ, ಅನ್ನಲಿಲ್ಲ. ಈ ಮೈಕ್ ಕೊಟ್ಟಾಂವ ಯಾರು? ನಾನ! ಆದರೂ ಅನ್ನಲಿಲ್ಲ. ನೂರ ಕುರ್ಚಿ ಕೊಟ್ಟಿದ್ದೂ ಅದಕ್ಕ. ನೀ ಒಬ್ಬಾಕಿ ತಿಳಕೊಂಡಿ. ಅಣವೀರಪ್ಪ, ಸ್ಮರಣಸಂಚಿಕೆ ಈಕಿ ಕೈಯಾಗ ಕೊಡಬೇಕು, ನೋಡು.

ಮಹಾದೇವಿಯ ಜೀವ ಮರಳಿ ಬಂತು. ಚನ್ನಬಸಯ್ಯ ಎದೆ ಉಬ್ಬಿಸಿದ. ಅವಳು ಯಾರಿಗೂ ಕಾಣದಂತೆ ಅವನನ್ನು ಚಿವುಟಿದಳು.

ಅಣವೀರಪ್ಪ: ಕೊಡ್ತೀನ್ರಿ ಯಜಮಾನ್ರ, ಖಂಡಿತ ಕೊಡ್ತೀನಿ. ಅಂದಂಗ, ಬರೂ ತಿಂಗಳ ಇನ್ನೂ ಐವತ್ತು ಕುರ್ಚಿ ಕಳಸ್ತೀನಿ ಅಂದಿದ್ರಿ...

ಗುರಲಿಂಗಪ್ಪ: ಇನ್ನ ಕುರ್ಚಿ ಯಾಕೋ ಮಾರಾಯ? ನೋಡಿದಿಲ್ಲೋ, ನಾ ಹಾಡಾಕ ಹತ್ತಿದರ ಮಂದಿ ಕುಂಡ್ರಂಗಿಲ್ಲ, ಏಳ್ತಾರ!